ಬೆನ್ನ ಹಿಂದಿನಿಂದ ಬಂದ ಹಾಡು

ಜರ್ಮನಿಯ ಲೈಪ್‌ಜಿಗ್ ಊರಿನಲ್ಲಿ ಸೇಂಟ್ ಥಾಮಸ್ ಚರ್ಚಿನ ಮಗ್ಗುಲಿಗೆ ಒಂದು ಕಂಚಿನ ಪ್ರತಿಮೆ ನಿಂತಿದೆ. ಗುಂಗುರು ಕೂದಲಿನ ಟೋಪನ್ನು, ಉದ್ದ ಕೋಟು, ಕೈಯಲ್ಲಿ ಸುರುಳಿ ಸುತ್ತಿದ ಸ್ವರಲಿಪಿಯ ಹಾಳೆ. ದೊಡ್ಡ ಮನುಷ್ಯ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಕೋಟಿನ ಒಂದು ಕಿಸೆ ಮಾತ್ರ ಒಳಹೊರಗಾಗಿ ಈಚೆ ನೇತಾಡುತ್ತಿದೆ. ಅಂಗಡಿಯವನಿಗೆ ನಾವು "ಚಿಲ್ಲರೆ ಇಲ್ಲ ಮಾರಾಯ" ಎಂದು ಕಿಸೆ ಮಗುಚಿ ತೋರಿಸುತ್ತೇವಲ್ಲ, ಹಾಗೆ. ಕಾರ್ಲ್ ಸೆಫ್ನರ್ ಎಂಬ ಶಿಲ್ಪಿ 1908ರಲ್ಲಿ ಮಾಡಿದ ಪ್ರತಿಮೆ ಇದು. ಪ್ರತಿಮೆಯಲ್ಲಿರುವವರು ಯೋಹಾನ್ ಸೆಬಾಸ್ಟಿಯನ್ ಬಾಖ್. ಪಾಶ್ಚಾತ್ಯ ಸಂಗೀತ ಬಲ್ಲವರು ಈ ಹೆಸರನ್ನು, ನಾವು ಪುರಂದರದಾಸರ ಹೆಸರನ್ನೋ ತ್ಯಾಗರಾಜರ ಹೆಸರನ್ನೋ ಹೇಳುವಾಗಿನ ಭಕ್ತಿಯಿಂದ ಹೇಳುತ್ತಾರೆ. ಅಂಥವರ ಕಿಸೆ ಖಾಲಿ! ಇಡೀ ಆಯುಷ್ಯ ಬ್ಯಾಂಕಿನ ಕೌಂಟರಿನ ಹಿಂದೆ ಕಳೆದ ನನಗೆ ಆ ಕಿಸೆಯನ್ನು ಕಂಡು ಅವರ ಮೇಲೆ ಒಮ್ಮೆಲೇ ಸಲಿಗೆ ಹುಟ್ಟಿತು.

ಮಗಳು ಅಳಿಯ ಆ ದೇಶದಲ್ಲಿ ಕೆಲಸದಲ್ಲಿದ್ದಾರೆ. ಜೂನ್ ತಿಂಗಳಲ್ಲಿ ಅವರ ಮನೆಗೆ ಹೋಗಿದ್ದಾಗ, ಒಂದು ಶುಕ್ರವಾರ ರೈಲು ಹತ್ತಿ ಮೊಮ್ಮಗಳನ್ನೂ ಕರೆದುಕೊಂಡು ಲೈಪ್‌ಜಿಗ್‌ಗೆ ಹೊರಟೆವು. ಮನೆಯಲ್ಲಿ ಎಲ್ಲರೂ ಅವಳನ್ನು ಪುಟ್ಟಿ ಎಂದೇ ಕರೆಯುವುದು. ವಯಸ್ಸು ಹತ್ತು. ಪುಟ್ಟಿಗೆ ಆ ವಾರ ಒಂದು ದೊಡ್ಡ ಬೇಸರ. ಅವಳ ಶಾಲೆಯ ವೃಂದಗಾನದಲ್ಲಿ ಅವಳನ್ನು ಎರಡನೆಯ ಸ್ವರದವರ ಸಾಲಿಗೆ ಹಾಕಿದ್ದರು. "ಅಜ್ಜ, ಚಂದದ ರಾಗ ಎಲ್ಲ ಮೊದಲ ಸಾಲಿನವರಿಗೆ. ನಮಗೆ ಕೆಳಗಿನ ಸ್ವರ. ಅದನ್ನು ಮನೆಯಲ್ಲಿ ಹಾಡಿ ತೋರಿಸಿದರೆ ಯಾರಿಗೂ ಯಾವ ಹಾಡು ಅಂತಲೇ ಗೊತ್ತಾಗುವುದಿಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಮುಂದಿನ ವರ್ಷ ವೃಂದದಲ್ಲಿ ಇರುತ್ತೀರೋ ಇಲ್ಲವೋ ಎಂದು ತಿಳಿಸುವ ಫಾರಂ ಅಡುಗೆಮನೆಯ ಮೇಜಿನ ಮೇಲೆ ಸಹಿಯಿಲ್ಲದೆ ಬಿದ್ದಿತ್ತು. ಅವಳ ಅಮ್ಮ ಒತ್ತಾಯ ಮಾಡಲಿಲ್ಲ. ನಾನೂ ಮಾತಾಡಲಿಲ್ಲ. ಅಜ್ಜಂದಿರ ಬುದ್ಧಿವಾದಕ್ಕೆ ಈಗಿನ ಕಾಲದಲ್ಲಿ ಎಷ್ಟು ಬೆಲೆ ಎಂದು ನನಗೆ ಗೊತ್ತು.

ಲೈಪ್‌ಜಿಗ್ ರೈಲು ನಿಲ್ದಾಣವೇ ಒಂದು ಊರಿನಷ್ಟಿದೆ. ಅಲ್ಲಿಂದ ಕಾಲುಗಂಟೆ ನಡೆದರೆ ಹಳೆಯ ಪೇಟೆ ದಾಟಿ ಚರ್ಚು ಸಿಗುತ್ತದೆ. ದೂರದಿಂದ ಮೊದಲು ಕಾಣುವುದು ಅದರ ಮಾಡು. ನಮ್ಮ ಘಟ್ಟದ ಕೆಳಗಿನ ಹಂಚಿನ ಮನೆಗಳ ಮಾಡು ಮಳೆಗಾಗಿ ಇಳಿಜಾರಾಗಿರುತ್ತದಲ್ಲ, ಇದು ಅದಕ್ಕಿಂತಲೂ ಕಡಿದು. ಒಂದು ಬೆಕ್ಕು ಮೇಲೆ ಹತ್ತಿದರೆ ನಿಲ್ಲಲಾರದು. ಚರ್ಚಿನ ಕಥೆ ಶುರುವಾಗುವುದು 1212ರಲ್ಲಿ. ಆಗ ಇಲ್ಲಿ ಸನ್ಯಾಸಿಗಳ ಒಂದು ಮಠ ಸ್ಥಾಪನೆಯಾಯಿತು. ಪೂಜೆಯ ಹೊತ್ತಿಗೆ ಹಾಡಲು ಹುಡುಗರು ಬೇಕು. ಹುಡುಗರಿಗೆ ಅಕ್ಷರ ಕಲಿಸಲು ಶಾಲೆ ಬೇಕು. ಹೀಗೆ ಹುಟ್ಟಿದ ಥಾಮಸ್ ಶಾಲೆಯ ಹುಡುಗರ ವೃಂದ ಇಂದಿಗೂ ಹಾಡುತ್ತಿದೆ. 2012ರಲ್ಲಿ ಅದಕ್ಕೆ 800 ವರ್ಷ ತುಂಬಿತು. 1539ರಲ್ಲಿ ಮಾರ್ಟಿನ್ ಲೂಥರ್ ಈ ಚರ್ಚಿನಲ್ಲಿ ಬೋಧನೆ ಮಾಡಿದರು, ಊರು ಕ್ಯಾಥೊಲಿಕ್ ಪದ್ಧತಿ ಬಿಟ್ಟು ಲೂಥರನ ದಾರಿ ಹಿಡಿಯಿತು, ಮಠ ಮುಚ್ಚಿತು. ಹುಡುಗರ ಹಾಡು ಮಾತ್ರ ನಿಲ್ಲಲಿಲ್ಲ. ಲೂಥರರಿಗೆ ಹಾಡು ಬಹಳ ಇಷ್ಟ. ಪಾದ್ರಿಗಳಷ್ಟೇ ಲ್ಯಾಟಿನ್‌ನಲ್ಲಿ ಹಾಡಿ ಮುಗಿಸುವುದಲ್ಲ, ಬಂದ ಜನರೆಲ್ಲ ತಮ್ಮ ತಾಯ್ನುಡಿಯಲ್ಲಿ ಹಾಡಬೇಕು ಎಂಬುದು ಅವರ ಹಟ. ಇದನ್ನು ನೆನಪಿಟ್ಟುಕೊಳ್ಳಿ ಮಕ್ಕಳೇ, ಮುಂದೆ ಇದು ಮಂಗಳೂರಿನವರೆಗೆ ಬರುತ್ತದೆ.

ಒಳಗೆ ಹೋದರೆ ಮುಂದುಗಡೆ, ಬಲಿಪೀಠದ ಹತ್ತಿರ, ನೆಲದಲ್ಲಿ ಒಂದು ಕಂಚಿನ ಹಲಗೆ. ಅದರ ಮೇಲೆ ಬಾಖ್ ಹೆಸರು, ಅಷ್ಟೇ. ಯಾರೋ ಇಟ್ಟುಹೋದ ಹೂವುಗಳು. ಬಾಖ್ 1750ರಲ್ಲಿ ತೀರಿಕೊಂಡಾಗ ಅವರನ್ನು ಹೂತದ್ದು ಇಲ್ಲಲ್ಲ, ಊರಾಚೆಯ ಇನ್ನೊಂದು ಚರ್ಚಿನ ಸ್ಮಶಾನದಲ್ಲಿ, ಹೆಸರಿನ ಕಲ್ಲೂ ಇಲ್ಲದೆ. ಎಲುಬುಗಳನ್ನು ಹುಡುಕಿ ತೆಗೆದದ್ದು 1894ರಲ್ಲಿ. ಆ ಚರ್ಚು ಎರಡನೆಯ ಮಹಾಯುದ್ಧದಲ್ಲಿ ಹಾಳಾಯಿತು. ಅವರು ತೀರಿಹೋಗಿ ಇನ್ನೂರು ವರ್ಷ ತುಂಬಿದ 1950ರಲ್ಲಿ ಈಗಿನ ಸಮಾಧಿ ಆಯಿತು.

ಬಾಖ್ ಇಲ್ಲಿಗೆ ಕೆಲಸಕ್ಕೆ ಬಂದದ್ದು 1723ರಲ್ಲಿ. ನಗರಸಭೆಯವರಿಗೆ ಬೇಕಾಗಿದ್ದವರು ಮೊದಲು ಟೆಲಿಮಾನ್, ಆಮೇಲೆ ಗ್ರೌಪ್ನರ್. ಇಬ್ಬರೂ ಬರಲಿಲ್ಲವೆಂದು ಬಾಖ್‌ಗೆ ಕೆಲಸ ಸಿಕ್ಕಿತು! ಅವರು ಆರ್ಗನ್ ನುಡಿಸುವುದರಲ್ಲಿ ಹೆಸರುವಾಸಿ, ಆದರೆ ಇಲ್ಲಿ ಅವರ ಕೆಲಸ ಅದಲ್ಲ. ಆರ್ಗನ್ ನುಡಿಸಲು ಬೇರೆಯವರಿದ್ದರು. ಬಾಖ್ ಶಾಲೆಯ ಹಾಡಿನ ಮೇಷ್ಟ್ರು. ಮಕ್ಕಳಿಗೆ ಹಾಡು ಕಲಿಸಬೇಕು, ಊರಿನ ನಾಲ್ಕು ಚರ್ಚುಗಳಿಗೆ ಹುಡುಗರನ್ನು ಹಂಚಿ ಕಳುಹಿಸಬೇಕು, ಸರದಿ ಬಂದ ವಾರ ಹಾಸ್ಟೆಲಿನ ಮೇಲ್ವಿಚಾರಣೆ ಮಾಡಬೇಕು. ಲ್ಯಾಟಿನ್ ಪಾಠವೂ ಅವರ ಪಾಲಿಗೇ ಇತ್ತು. ಅದನ್ನು ಮಾತ್ರ ಬೇರೊಬ್ಬ ಮೇಷ್ಟ್ರಿಗೆ ವರ್ಷಕ್ಕೆ 50 ಥಾಲರ್ ಕೈಯಿಂದ ಕೊಟ್ಟು ದಾಟಿಸಿದರು. ಥಾಲರ್ ಎಂದರೆ ಆ ಕಾಲದ ಬೆಳ್ಳಿ ನಾಣ್ಯ. ಡಾಲರ್ ಎಂಬ ಹೆಸರು ಹುಟ್ಟಿದ್ದು ಇದರಿಂದಲೇ.

ಇವೆಲ್ಲದರ ಮೇಲೆ ಭಾನುವಾರದ ಕೆಲಸ. ಬೆಳಗ್ಗೆ ಏಳು ಗಂಟೆಗೆ ಶುರುವಾಗುವ ಆರಾಧನೆ ಮೂರು ನಾಲ್ಕು ತಾಸು ನಡೆಯುತ್ತಿತ್ತು. ಅದರ ನಡುವೆ ಆ ದಿನದ ಬೈಬಲ್ ಪಾಠಕ್ಕೆ ಹೊಂದುವಂತೆ ವಾದ್ಯಗಳೊಂದಿಗೆ ಹಾಡುವ, ಇಪ್ಪತ್ತು ಮೂವತ್ತು ನಿಮಿಷದ ಒಂದು ಗಾಯನ. ಇದಕ್ಕೆ ಕಂಟಾಟಾ ಎಂದು ಹೆಸರು. ಮೊದಲ ಕೆಲವು ವರ್ಷ ಬಾಖ್ ಹೆಚ್ಚುಕಡಿಮೆ ವಾರಕ್ಕೊಂದು ಹೊಸ ಕಂಟಾಟಾ ಬರೆದರು. ವಾರದ ಮೊದಲಲ್ಲಿ ಬರೆಯುವುದು; ಬರೆದದ್ದನ್ನು ಒಬ್ಬೊಬ್ಬ ಹಾಡುಗಾರನಿಗೂ ವಾದ್ಯದವನಿಗೂ ಬೇರೆ ಬೇರೆ ಹಾಳೆಯಲ್ಲಿ ನಕಲು ಮಾಡುವುದು; ಅದಕ್ಕೆ ಹೆಂಡತಿ, ಗಂಡುಮಕ್ಕಳು, ಶಿಷ್ಯರು ಎಲ್ಲ ಸೇರಿ ಮನೆಯಲ್ಲಿ ಕೂರುವುದು; ಅಭ್ಯಾಸ; ಭಾನುವಾರ ಹಾಡುವುದು; ಸೋಮವಾರ ಮತ್ತೆ ಖಾಲಿ ಕಾಗದ. ಅರ್ಧವಾರ್ಷಿಕ ಲೆಕ್ಕ ಮುಗಿಸುವ ರಾತ್ರಿಗಳಲ್ಲಿ ಬ್ಯಾಂಕಿನಲ್ಲಿ ನಾವು ಪಟ್ಟ ಪಾಡು ನನಗೆ ಗೊತ್ತು. ಅದು ವರ್ಷಕ್ಕೆ ಎರಡು ಸಲ. ಇವರದ್ದು ಪ್ರತಿ ವಾರ. ಹಾಗೆ ಬರೆದವುಗಳಲ್ಲಿ ಸುಮಾರು 200 ಇಂದು ಉಳಿದಿವೆ. ಉಳಿಯದೆ ಹೋದವೂ ಬಹಳ. ಬಾಖ್ ಹೆಂಡತಿ ಆನಾ ಮಗ್ದಲೇನಾ ತನ್ನ ಪಾಲಿಗೆ ಬಂದ ಹಾಳೆಗಳನ್ನು ಥಾಮಸ್ ಶಾಲೆಗೆ ಕೊಟ್ಟರು, ಅವು ಉಳಿದವು. ಹಿರಿಯ ಮಗನ ಪಾಲಿನ ಹಾಳೆಗಳು ಕಷ್ಟಕಾಲದಲ್ಲಿ ಮಾರಾಟವಾಗಿ ಚೆಲ್ಲಾಪಿಲ್ಲಿಯಾದವು. ಕಾಗದಪತ್ರವನ್ನು ಜೋಪಾನ ಮಾಡಿದ ಮನೆ ಯಾವುದು, ಮಾಡದ ಮನೆ ಯಾವುದು ಎಂಬುದು ಮುನ್ನೂರು ವರ್ಷದ ಮೇಲೂ ಗೊತ್ತಾಗುತ್ತದೆ ನೋಡಿ.

ಬಾಖ್ 1730ರಲ್ಲಿ ನಗರಸಭೆಗೆ ಒಂದು ಮನವಿ ಬರೆದರು. ಹಾಡಲು ಒಳ್ಳೆಯ ಹುಡುಗರು ಸಾಲುತ್ತಿಲ್ಲ ಎಂಬುದು ಅದರ ಸಾರ. ಕೊನೆಗೆ ಲೆಕ್ಕ ಕೊಟ್ಟಿದ್ದಾರೆ: ಕೆಲಸಕ್ಕೆ ಬರುವವರು 17, ಇನ್ನೂ ತಯಾರಾಗಬೇಕಾದವರು 20, ಯಾವುದಕ್ಕೂ ಬಾರದವರು 17. ಒಟ್ಟು 54. ಲೆಕ್ಕ ಕೂಡಿ ಬರುತ್ತದೆ, ನಾನು ಕೂಡಿಸಿ ನೋಡಿದ್ದೇನೆ. ಅದೇ ವರ್ಷ ಹಳೆಯ ಗೆಳೆಯನಿಗೆ ಬರೆದ ಕಾಗದ ಇನ್ನೂ ಸ್ವಾರಸ್ಯ. ಅವರ ವರಮಾನ ವರ್ಷಕ್ಕೆ ಸುಮಾರು 700 ಥಾಲರ್. ಆದರೆ ಹೆಚ್ಚಿನ ಪಾಲು ಮದುವೆ ಮತ್ತು ಶವಸಂಸ್ಕಾರಗಳಲ್ಲಿ ಹಾಡಿಸಿದ್ದಕ್ಕೆ ಸಿಗುವ ಹಣ. ಕಳೆದ ವರ್ಷ ಊರಿನ ಗಾಳಿ ಚೆನ್ನಾಗಿತ್ತು, ಸಾಯುವವರು ಕಡಿಮೆಯಾದರು, ಅದರಿಂದ ತನಗೆ 100 ಥಾಲರಿಗೂ ಹೆಚ್ಚು ನಷ್ಟವಾಯಿತು ಎಂದು ದೂರಿದ್ದಾರೆ! ಇದನ್ನು ಹೇಳಿದಾಗ ಪುಟ್ಟಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ನಕ್ಕಳು. ಮನೆಯಲ್ಲಿ ಎರಡು ಮದುವೆಗಳಿಂದ ಒಟ್ಟು ಇಪ್ಪತ್ತು ಮಕ್ಕಳು ಹುಟ್ಟಿ, ಅರ್ಧಕ್ಕರ್ಧ ಚಿಕ್ಕಂದಿನಲ್ಲೇ ತೀರಿಹೋದವು ಎಂಬುದನ್ನು ನಾನು ಅವಳಿಗೆ ಹೇಳಲಿಲ್ಲ. ಹುಟ್ಟು ಸಾವು ಎರಡೂ ದಿನಚರಿಯಾಗಿದ್ದ ಮನೆ ಅದು. ಅದರ ನಡುವೆ ಕೂತು ಅಷ್ಟು ಬರೆದರು.

ಈಗ ಆರ್ಗನ್ ವಿಷಯ. ನಮ್ಮ ಭಜನೆಯ ಹಾರ್ಮೋನಿಯಂ ಯುರೋಪಿನಿಂದಲೇ ಬಂದ ವಾದ್ಯ. ಅದರಲ್ಲಿ ಎಡಗೈಯಿಂದ ತಿದಿ ಒತ್ತಿದರೆ ಗಾಳಿ ತೆಳ್ಳನೆಯ ಹಿತ್ತಾಳೆ ನಾಲಗೆಗಳನ್ನು ಅದುರಿಸಿ ದನಿ ಬರುತ್ತದೆ. ಚರ್ಚಿನ ಆರ್ಗನ್ ಅದಕ್ಕೆ ಅಣ್ಣನಂತೆ ಕಂಡರೂ ಅದರ ಹೊಟ್ಟೆಯೊಳಗೆ ಇರುವುದು ಕೊಳವೆಗಳು, ಸಾವಿರಗಟ್ಟಲೆ. ಹೆಚ್ಚಿನವು ನಮ್ಮ ಪೀಪಿಯ ಹಾಗೆ ಕೆಲಸ ಮಾಡುತ್ತವೆ. ಆದರೆ ಕೊಳಲಿನಲ್ಲಿ ಬೆರಳಿಟ್ಟು ಒಂದೇ ಬಿದಿರಿನಿಂದ ಏಳು ಸ್ವರ ತೆಗೆಯುತ್ತೇವೆ. ಇಲ್ಲಿ ಒಂದು ಕೊಳವೆಗೆ ಒಂದೇ ಸ್ವರ. ಎಂಟು ಅಡಿಯ ಕೊಳವೆಯನ್ನು ನಾಲ್ಕು ಅಡಿ ಮಾಡಿದರೆ ಅದೇ ಸ್ವರ ಒಂದು ಸ್ಥಾಯಿ ಮೇಲೆ ಕೇಳುತ್ತದೆ, ಎರಡು ಅಡಿ ಮಾಡಿದರೆ ಇನ್ನೂ ಒಂದು ಸ್ಥಾಯಿ ಮೇಲೆ. ದೊಡ್ಡ ಆರ್ಗನ್‌ಗಳಲ್ಲಿ 32 ಅಡಿಯ ಕೊಳವೆಗಳೂ ಇರುತ್ತವೆ. ಅದರ ದನಿ ಕಿವಿಗಿಂತ ಮೊದಲು ಕೂತ ಬೆಂಚಿಗೆ ತಾಗುತ್ತದೆ. ಒಂದೇ ಬಗೆಯ ದನಿಯ ಕೊಳವೆಗಳ ಒಂದು ಸಾಲಿಗೆ ಒಂದು ಗುಬಟು. ಅದನ್ನು ಎಳೆದರೆ ಆ ಸಾಲು ಎಚ್ಚರಗೊಳ್ಳುತ್ತದೆ. ಕೈಗೆ ಮೂರು ನಾಲ್ಕು ಅಂತಸ್ತಿನ ಮನೆಗಳು, ಕಾಲಿಗೂ ಒಂದು ಸಾಲು ಮರದ ಮನೆಗಳು. ನುಡಿಸುವವರು ಎರಡು ಕೈ ಎರಡು ಕಾಲು ಸೇರಿಸಿ ನುಡಿಸಬೇಕು, ಮಗ್ಗದ ಮುಂದೆ ಕೂತ ನೇಕಾರರ ಹಾಗೆ. ಹಿಂದಿನ ಕಾಲದಲ್ಲಿ ಗಾಳಿ ತುಂಬಲು ತಿದಿಗಳನ್ನು ತುಳಿಯುವ ಆಳುಗಳೇ ಬೇರೆ ಇದ್ದರು. ಈಗ ವಿದ್ಯುತ್ತಿನ ಬೀಸಣಿಗೆ ಆ ಕೆಲಸ ಮಾಡುತ್ತದೆ.

ಈ ಚರ್ಚಿನಲ್ಲಿ ಎರಡು ಆರ್ಗನ್‌ಗಳಿವೆ. ಪಶ್ಚಿಮದ ಉಪ್ಪರಿಗೆಯ ಮೇಲಿನದು ವಿಲ್ಹೆಲ್ಮ್ ಸೌವರ್ 1889ರಲ್ಲಿ ಕಟ್ಟಿದ್ದು. ಮುಂದೆ 1908ರ ಹೊತ್ತಿಗೆ ಅದನ್ನು 88 ಗುಬಟುಗಳಿಗೆ ಬೆಳೆಸಿದರು. ಅದರ ದನಿ ಘನ, ಸಮುದ್ರದ ಮೊರೆತದಂತೆ. ಬಾಖ್ ಕಾಲದ ಸಂಗೀತಕ್ಕೆ ಅದು ಅಷ್ಟು ಒಗ್ಗದೆಂದು 2000ದಲ್ಲಿ, ಬಾಖ್ ತೀರಿಹೋದ 250ನೇ ವರ್ಷಕ್ಕೆ, ಗೆರಾಲ್ಡ್ ವೋಲ್ ಎಂಬವರು ಉತ್ತರದ ಉಪ್ಪರಿಗೆಯಲ್ಲಿ ಇನ್ನೊಂದನ್ನು ಕಟ್ಟಿಕೊಟ್ಟರು. ಅದಕ್ಕೆ 61 ಗುಬಟು, ದನಿ ತಿಳಿಯಾಗಿ ಬಿಡಿಬಿಡಿ. ನನಗೆ ಹಿಡಿಸಿದ್ದು ಇದೇ. ಘನವಾದದ್ದನ್ನು ಕೇಳಿದಾಗ ಮೈ ಜುಮ್ಮೆನ್ನುತ್ತದೆ ನಿಜ, ಆದರೆ ಯಾವ ಸ್ವರ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ.

ಒಳ್ಳೆಯ ಆರ್ಗನ್ ಕೇಳುವ ಹಂಬಲ ಬಾಖ್‌ಗೆ ಎಷ್ಟಿತ್ತೆಂದರೆ, ಇಪ್ಪತ್ತನೆಯ ವಯಸ್ಸಿನಲ್ಲಿ ಆರ್ನ್‌ಸ್ಟಾಟ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾಗ ನಾಲ್ಕು ವಾರ ರಜೆ ಹಾಕಿ, ನಾನೂರು ಕಿಲೋಮೀಟರಿಗೂ ದೂರದ ಲ್ಯೂಬೆಕ್‌ಗೆ ನಡೆದುಕೊಂಡು ಹೋದರು. ಅಲ್ಲಿ ಬುಕ್ಸ್‌ಟಹೂಡೆ ಎಂಬ ಹಿರಿಯ ಕಲಾವಿದರಿದ್ದರು. ನಾಲ್ಕು ವಾರಕ್ಕೆ ಬದಲು ಸುಮಾರು ನಾಲ್ಕು ತಿಂಗಳು ಕಳೆದು ವಾಪಸು ಬಂದರು! ಮೇಲಧಿಕಾರಿಗಳು ಕರೆಸಿ ವಿವರಣೆ ಕೇಳಿದ್ದು ದಾಖಲೆಯಲ್ಲಿದೆ. ನಮ್ಮ ಶಾಖೆಯಲ್ಲಾಗಿದ್ದರೆ ಮೆಮೊ ಮನೆಬಾಗಿಲಿಗೆ ಬರುತ್ತಿತ್ತು.

ಥಾಮಸ್ ಚರ್ಚಿನಲ್ಲಿ ಶುಕ್ರವಾರ ಸಂಜೆ ಆರಕ್ಕೆ, ಶನಿವಾರ ಮಧ್ಯಾಹ್ನ ಮೂರಕ್ಕೆ ಹಾಡಿನ ಆರಾಧನೆ ಇರುತ್ತದೆ. ಇದಕ್ಕೆ ಮೊಟೆಟ್ಟೆ ಎನ್ನುತ್ತಾರೆ. ಮೊಟೆಟ್ ಎಂದರೆ ಬೈಬಲಿನ ಮಾತುಗಳನ್ನು ವೃಂದ ಹಾಡುವ ಒಂದು ಬಗೆ. ಬಾಗಿಲಲ್ಲಿ ಕೆಲವು ಯೂರೋ ಕೊಟ್ಟು ಕಾರ್ಯಕ್ರಮದ ಹಾಳೆ ಪಡೆದುಕೊಂಡರೆ ಅದೇ ಟಿಕೆಟು. ನಾವು ಹೋದಾಗ ಬೆಂಚುಗಳೆಲ್ಲ ತುಂಬಿದ್ದವು. ಊರಿನ ಅಜ್ಜಿಯರು, ಜಪಾನಿನ ಪ್ರವಾಸಿಗಳು, ಸೈಕಲ್ ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡ ಹುಡುಗರು. ಎಲ್ಲರ ಮುಖ ಬಲಿಪೀಠದ ಕಡೆಗೆ. ಅಲ್ಲಿ ಹಾಡುವವರು ಯಾರೂ ಇಲ್ಲ.

"ಅಜ್ಜ, ಹುಡುಗರೆಲ್ಲಿ?" ಎಂದು ಪುಟ್ಟಿ ಕಿವಿಯಲ್ಲಿ ಕೇಳಿದಳು. ಅಷ್ಟರಲ್ಲಿ ಹಿಂದಿನಿಂದ ಆರ್ಗನ್ ಎದ್ದಿತು, ಅದು ನಿಂತ ಮೇಲೆ ಹಾಡು. ಹುಡುಗರು ಇದ್ದದ್ದು ನಮ್ಮ ಬೆನ್ನ ಹಿಂದೆ, ಪಶ್ಚಿಮದ ಉಪ್ಪರಿಗೆಯಲ್ಲಿ. ಕತ್ತು ತಿರುಗಿಸಿದರೂ ಅಲ್ಲೊಂದು ತಲೆ ಇಲ್ಲೊಂದು ತಲೆ, ಅಷ್ಟೇ. ಸುತ್ತಲಿನ ಯಾರೂ ತಿರುಗಿ ನೋಡುತ್ತಿರಲಿಲ್ಲ. ಕೆಲವರು ಕಣ್ಣು ಮುಚ್ಚಿದ್ದರು, ಕೆಲವರು ಹಾಳೆಯಲ್ಲಿನ ಮಾತುಗಳನ್ನು ಬೆರಳಿಟ್ಟು ಓದುತ್ತಿದ್ದರು. ಕಚೇರಿಯಲ್ಲಿ ಹಾಡುಗಾರರ ಕೈ, ಮುಖ, ಶಾಲು, ಪಕ್ಕವಾದ್ಯದವರ ತಲೆದೂಗು ಎಲ್ಲ ನೋಡಿ ರೂಢಿಯಾದ ನನಗೆ ಇದು ಹೊಸದು. ಹಾಡು ಬರುತ್ತಿದೆ, ಯಾರದ್ದೆಂದು ಗೊತ್ತಿಲ್ಲ. ಹಾಡುವವರ ಮುಖವೂ ಬಲಿಪೀಠದ ಕಡೆಗೇ, ನಮ್ಮ ಮುಖವೂ ಆ ಕಡೆಗೇ. ಎಲ್ಲರೂ ಒಂದೇ ದಿಕ್ಕಿಗೆ ತಿರುಗಿದ್ದೇವೆ.

ಶುಟ್ಸ್ ಎಂಬ ಹಳಬರ ಒಂದು ರಚನೆಯಾಯಿತು. ಪಾದ್ರಿಗಳು ಎದ್ದು ಒಂದು ಪಾಠ ಓದಿ ನಾಲ್ಕು ಮಾತಾಡಿದರು. ಆಮೇಲೆ ಬಂದವರೆಲ್ಲ ಎದ್ದು ನಿಂತು ಆರ್ಗನ್ ಜೊತೆ ಒಂದು ಹಾಡು ಹಾಡಿದರು. ನನ್ನ ಪಕ್ಕದ ಅಜ್ಜಿ ಪುಸ್ತಕ ನೋಡದೆ, ರಾಗದ ಮೇಲಿನ ಸ್ವರವನ್ನಲ್ಲ, ಕೆಳಗಿನದನ್ನು ಹಾಡುತ್ತಿದ್ದರು. ಅವರ ಅಜ್ಜಿಯೂ ಅದನ್ನೇ ಹಾಡಿರಬೇಕು ಎಂಬಷ್ಟು ಸಲೀಸಾಗಿ. ಕೊನೆಗೆ ಬಾಖ್ ಅವರ ಒಂದು ದೊಡ್ಡ ಮೊಟೆಟ್, 149ನೇ ಕೀರ್ತನೆಯ ಮಾತುಗಳಿಂದ ಶುರುವಾಗುವಂಥದ್ದು. ಅದರಲ್ಲಿ ಎರಡು ವೃಂದಗಳು, ಒಂದೊಂದಕ್ಕೂ ನಾಲ್ಕು ಸ್ವರದ ಸಾಲು, ಒಟ್ಟು ಎಂಟು. ಒಂದು ಕಡೆಯವರು ಎಸೆದದ್ದನ್ನು ಇನ್ನೊಂದು ಕಡೆಯವರು ಹಿಡಿಯುತ್ತಾರೆ. ನಾಲ್ವರು ಓಡಿದರೆ ನಾಲ್ವರು ನಿಂತು ಕರೆಯುತ್ತಾರೆ. ಮುಗಿದಾಗ ಎಲ್ಲೋ ಇಬ್ಬರು ಚಪ್ಪಾಳೆಗೆ ಶುರುಮಾಡಿ, ಯಾರೂ ಸೇರಿಕೊಳ್ಳದ್ದು ನೋಡಿ ನಿಲ್ಲಿಸಿದರು. ಪ್ರಾರ್ಥನೆ, ಆಶೀರ್ವಾದ, ಮತ್ತೆ ಆರ್ಗನ್.

"ಇದರಲ್ಲಿ ಮುಖ್ಯ ರಾಗ ಯಾರದ್ದು?" ಇದು ಪುಟ್ಟಿಯ ಪ್ರಶ್ನೆ. ಅವಳಿಗೆ ನಾನು ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಕಥೆ ಹೇಳಿದೆ.

ಮಂಗಳೂರಿನ ಶಾಖೆಯಲ್ಲಿದ್ದಾಗ ನಮ್ಮ ಕ್ಯಾಶಿಯರ್ ಒಬ್ಬರು ಬಲ್ಮಠದ ಚರ್ಚಿನ ವೃಂದದಲ್ಲಿ ಹಾಡುತ್ತಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಹೆಸರು ನೀವು ಕೇಳಿರಬಹುದು. ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್, ದೊಡ್ಡ ನಿಘಂಟು ಮಾಡಿದ ಕಿಟ್ಟೆಲ್ ಎಲ್ಲ ಅವರ ಕಡೆಯವರು. ಅವರು ಬರುವಾಗ ತಮ್ಮ ಊರಿನ ಹಾಡುಗಳ ಧಾಟಿಗಳನ್ನೂ ತಂದರು, ಅದಕ್ಕೆ ಕನ್ನಡದಲ್ಲೂ ತುಳುವಿನಲ್ಲೂ ಮಾತು ಹೊಂದಿಸಿದರು. ಜನ ತಮ್ಮ ತಾಯ್ನುಡಿಯಲ್ಲಿ ಹಾಡಬೇಕೆಂಬ ಲೂಥರರ ಹಟ ಹೀಗೆ ನಮ್ಮ ಕರಾವಳಿಗೆ ಬಂತು. ಅವು ನಾಲ್ಕು ಸ್ವರದಲ್ಲಿ ಹಾಡುವ ಹಾಡುಗಳು: ಹೆಂಗಸರದ್ದು ಸೊಪ್ರಾನೊ ಮತ್ತು ಆಲ್ಟೊ, ಗಂಡಸರದ್ದು ಟೆನರ್ ಮತ್ತು ಬಾಸ್. ನಮ್ಮ ಕ್ಯಾಶಿಯರ್ ಬಾಸ್. ಡಿಸೆಂಬರ್ ಬಂತೆಂದರೆ ನೋಟು ಎಣಿಸುತ್ತಾ ತನ್ನ ಪಾಲಿನ ಸ್ವರವನ್ನು ಗುನುಗುತ್ತಿದ್ದರು. ನಾಲ್ಕು ಸಲ ಒಂದೇ ಸ್ವರ, ಆಮೇಲೆ ಒಂದು ಮೆಟ್ಟಿಲು ಕೆಳಗೆ, ಮತ್ತೆ ಅಲ್ಲೇ. "ಇದೆಂಥ ಹಾಡು ಮಾರಾಯ್ರೆ, ಎತ್ತು ಗಾಣ ತಿರುಗಿದ ಹಾಗೆ" ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವರು ನಕ್ಕು "ಕ್ರಿಸ್ಮಸ್ಸಿಗೆ ಬನ್ನಿ, ಆಗ ಹೇಳಿ" ಎನ್ನುತ್ತಿದ್ದರು. ಒಂದು ವರ್ಷ ಹೋದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಮೇಲಿನ ಸ್ವರಗಳೆಲ್ಲ ಸೇರಿದಾಗ ಅವರ ಆ ಗಾಣದ ಸುತ್ತು ಹಾಡಿನ ಅಡಿಪಾಯವಾಗಿ ಕೇಳಿತು. ನಡುವೆ ಒಂದು ಕಡೆ ಗಂಡಸರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಆ ಒಂದು ಕ್ಷಣ ಹೆಂಗಸರ ದನಿ ನೆಲವಿಲ್ಲದೆ ತೇಲಿದ ಹಾಗಾಯಿತು. ಮರುದಿನದಿಂದ ಶಾಖೆಯಲ್ಲಿ ತಮಾಷೆ ನಿಂತಿತು.

"ಆಲ್ಟೊದವರು ನಿಲ್ಲಿಸಿದರೆ?" ಎಂದಳು ಪುಟ್ಟಿ. ಅದನ್ನು ನಿಮ್ಮ ಟೀಚರನ್ನೇ ಕೇಳು ಎಂದೆ.

ಮೊಜಾರ್ಟ್ ಎಂಬ ಇನ್ನೊಬ್ಬ ಮಹಾನುಭಾವರು 1789ರಲ್ಲಿ ಲೈಪ್‌ಜಿಗ್‌ಗೆ ಬಂದಿದ್ದಾಗ ಇದೇ ಮೊಟೆಟ್ಟನ್ನು ಇದೇ ಶಾಲೆಯ ಹುಡುಗರು ಹಾಡಿದರಂತೆ. ಆಗ ಬಾಖ್ ತೀರಿಹೋಗಿ ಮೂವತ್ತೊಂಬತ್ತು ವರ್ಷ. ಹಾಡಿಸಿದವರು ಅವರ ಶಿಷ್ಯ ಡೋಲೆಸ್. ಕೇಳಿದ ಮೊಜಾರ್ಟ್ ಬೆರಗಾಗಿ, ಹಾಡಿನ ಪೂರ್ತಿ ಸ್ವರಲಿಪಿ ಕೊಡಿ ಎಂದರು. ಅಂಥದ್ದು ಇರಲಿಲ್ಲ, ಒಂದೊಂದು ಸ್ವರದ್ದು ಒಂದೊಂದು ಹಾಳೆ ಮಾತ್ರ. ಅವುಗಳನ್ನೇ ತರಿಸಿ, ಕೈಯಲ್ಲಿ, ಮೊಣಕಾಲ ಮೇಲೆ, ಸುತ್ತಲಿನ ಕುರ್ಚಿಗಳ ಮೇಲೆ ಹರವಿಕೊಂಡು, ಎಲ್ಲ ನೋಡಿ ಮುಗಿಸುವವರೆಗೆ ಏಳಲಿಲ್ಲವೆಂದು ರೋಖ್ಲಿಟ್ಸ್ ಎಂಬವರು ಬರೆದಿಟ್ಟಿದ್ದಾರೆ.

ಚರ್ಚಿನಿಂದ ಹೊರಗೆ ಬಂದು ಪಶ್ಚಿಮದ ಬಾಗಿಲ ಕಡೆಗೆ ಹೋದರೆ ಇನ್ನೊಂದು ಪ್ರತಿಮೆ, ಫೆಲಿಕ್ಸ್ ಮೆಂಡೆಲ್ಸನ್ ಅವರದ್ದು. ಬಾಖ್ 1727ರ ಗುಡ್ ಫ್ರೈಡೇಗೆ ಈ ಚರ್ಚಿನಲ್ಲಿ ಹಾಡಿಸಿದ್ದ, ಮತ್ತಾಯನ ಸುವಾರ್ತೆಯ ಮೇಲಿನ ಮಹಾಗಾಯನ ಮೂಲೆ ಸೇರಿತ್ತು. ಅದನ್ನು 1829ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಹಾಡಿಸಿದವರು ಇವರು, ಆಗ ಅವರಿಗೆ ಇಪ್ಪತ್ತೇ ವರ್ಷ. 1841ರಲ್ಲಿ ಅದನ್ನು ಥಾಮಸ್ ಚರ್ಚಿಗೇ ವಾಪಸು ತಂದರು. ಅದಕ್ಕೂ ಮೊದಲು, 1840ರಲ್ಲಿ ಇಲ್ಲಿ ಆರ್ಗನ್ ಕಚೇರಿ ಕೊಟ್ಟು ಬಾಖ್ ಸ್ಮಾರಕಕ್ಕೆ ಹಣ ಕೂಡಿಸಿದರು. ಮೆಂಡೆಲ್ಸನ್ ಹುಟ್ಟಿದ್ದು ಯಹೂದಿ ಮನೆತನದಲ್ಲಿ. ಅದೊಂದೇ ಕಾರಣಕ್ಕೆ 1936ರಲ್ಲಿ ನಾಜಿಗಳು ಊರಿನಲ್ಲಿದ್ದ ಅವರ ಪ್ರತಿಮೆಯನ್ನು ಕಿತ್ತುಹಾಕಿದರು. ಅದನ್ನು ವಿರೋಧಿಸಿದ್ದ ಮೇಯರ್ ಗೋರ್ಡೆಲರ್ ರಾಜೀನಾಮೆ ಕೊಟ್ಟರು. ಈಗ ನಿಂತಿರುವುದು ಹಳೆಯದರಂತೆಯೇ ಮಾಡಿ 2008ರಲ್ಲಿ ಇಟ್ಟ ಪ್ರತಿಮೆ. 72 ವರ್ಷ ಬೇಕಾಯಿತು.

1943ರ ಡಿಸೆಂಬರ್ 4ರಂದು ಊರಿನ ಮೇಲೆ ಬಾಂಬು ಬಿದ್ದಾಗ ಥಾಮಸ್ ಶಾಲೆಗೂ ಪೆಟ್ಟಾಯಿತು. ಹುಡುಗರನ್ನು ಗ್ರಿಮ್ಮಾ ಎಂಬ ಸಣ್ಣ ಊರಿಗೆ ಸಾಗಿಸಿದರು. ಅಲ್ಲಿಯೂ ಹಾಡು ನಡೆಯಿತು. ಇದಕ್ಕಿಂತ ನನ್ನ ಮನಸ್ಸಿಗೆ ತಾಗಿದ್ದು ಆಮೇಲಿನ ಒಂದು ಘಟನೆ. ಇಲ್ಲಿಗೆ ಸ್ವಲ್ಪ ದೂರದಲ್ಲಿ ವಿಶ್ವವಿದ್ಯಾನಿಲಯದ ಚರ್ಚೊಂದಿತ್ತು. ಅಲ್ಲಿನ ಹಳೆಯ ಆರ್ಗನ್ನನ್ನು 1717ರಲ್ಲಿ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟವರು ಬಾಖ್. ಥಾಮಸ್ ಚರ್ಚಿನ ಹೊಸ ಆರ್ಗನ್ನಿನ ಹೊರರೂಪ ಅದನ್ನೇ ಹೋಲುತ್ತದೆ. ಯುದ್ಧದ ಬಾಂಬುಗಳಿಗೆ ಬೀಳದೆ ಉಳಿದಿದ್ದ ಆ ಚರ್ಚನ್ನು, ಯುದ್ಧ ಮುಗಿದು 23 ವರ್ಷವಾದ ಮೇಲೆ, 1968ರ ಮೇ 30ರಂದು ಅಲ್ಲಿನ ಸರ್ಕಾರವೇ ಸಿಡಿಮದ್ದು ಇಟ್ಟು ಕೆಡವಿತು. ಅದಾಗಿ ಮೂರು ವಾರಕ್ಕೆ ಊರಿನಲ್ಲಿ ಬಾಖ್ ಸಂಗೀತ ಸ್ಪರ್ಧೆಯ ಸಮಾರೋಪ. ದೇಶವಿದೇಶದ ಅತಿಥಿಗಳ ಮುಂದೆ, ವೇದಿಕೆಯ ಮೇಲಿನಿಂದ ದೊಡ್ಡದೊಂದು ಬಟ್ಟೆ ತಾನಾಗಿ ಬಿಚ್ಚಿಕೊಂಡು ಕೆಳಗಿಳಿಯಿತು. ಅದರ ಮೇಲೆ ಆ ಚರ್ಚಿನ ಚಿತ್ರ, ಅದನ್ನು ಮತ್ತೆ ಕಟ್ಟಿ ಎಂಬ ಬೇಡಿಕೆ. ಕೆಲವು ಯುವ ವಿಜ್ಞಾನಿಗಳು ಅಲಾರಂ ಗಡಿಯಾರ ಕಟ್ಟಿ ಮಾಡಿದ ಉಪಾಯ ಅದು. ಸಿಕ್ಕಿಬಿದ್ದರೆ ಜೈಲು ಖಂಡಿತ ಎಂದು ಗೊತ್ತಿದ್ದೂ ಮಾಡಿದರು. ಅದೇ ಜಾಗದಲ್ಲಿ ಹೊಸ ಕಟ್ಟಡ ಬಾಗಿಲು ತೆರೆದದ್ದು 2017ರಲ್ಲಿ.

ಇಷ್ಟೆಲ್ಲದರ ನಡುವೆ ಶಾಲೆಗೆ ಪ್ರತಿ ವರ್ಷ ಒಂಬತ್ತು ಹತ್ತು ವರ್ಷದ ಹೊಸ ಹುಡುಗರು ಬರುತ್ತಲೇ ಇದ್ದಾರೆ. ಅಲ್ಲೇ ಹಾಸ್ಟೆಲಿನಲ್ಲಿದ್ದು ಓದು, ಹಾಡು ಎರಡೂ ನಡೆಸುತ್ತಾರೆ. ಮೇಲಿನ ಸ್ವರ ಹಾಡುವ ಹುಡುಗನ ದನಿ ಹದಿಮೂರಕ್ಕೋ ಹದಿನಾಲ್ಕಕ್ಕೋ ಒಡೆಯುತ್ತದೆ. ಸ್ವಲ್ಪ ಕಾಲ ಸುಮ್ಮನಿದ್ದು ಆಮೇಲೆ ಟೆನರ್ ಅಥವಾ ಬಾಸ್ ಸಾಲಿಗೆ ಹೋಗುತ್ತಾನೆ. ಹದಿನೆಂಟಕ್ಕೆ ಶಾಲೆ ಮುಗಿದು ಹೊರಟುಹೋಗುತ್ತಾನೆ. ಎಂಟುನೂರು ವರ್ಷದ ವೃಂದದಲ್ಲಿ ಹತ್ತು ವರ್ಷಕ್ಕಿಂತ ಹಳಬ ಯಾರೂ ಇಲ್ಲ!

"ಹುಡುಗಿಯರು ಯಾಕಿಲ್ಲ?" ಎಂದು ಪುಟ್ಟಿ ಕೇಳದೆ ಬಿಡಲಿಲ್ಲ. ಈ ವೃಂದ ಇಂದಿಗೂ ಹುಡುಗರದ್ದೇ. ಇಂಗ್ಲೆಂಡಿನ ಸಾಲ್ಸ್‌ಬರಿಯ ದೊಡ್ಡ ಚರ್ಚಿನಲ್ಲಿ 1991ರಿಂದ ಹುಡುಗಿಯರ ವೃಂದವಿದೆ, ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ 2024ರಿಂದ ಹುಡುಗಿಯರೂ ಹಾಡುತ್ತಿದ್ದಾರೆ ಎಂದೆ. "ಅಷ್ಟು ತಡವಾ!" ಎಂದಳು. ತಡವೇ. ನನ್ನ ಮಟ್ಟಿಗೆ ಇಲ್ಲಿಯೂ ಹುಡುಗಿಯರದ್ದೇ ಒಂದು ವೃಂದ ಸರದಿಯಲ್ಲಿ ಹಾಡಿದರೆ ಆ ಉಪ್ಪರಿಗೆಗೇನೂ ಭಾರವಾಗದು.

ವಾಪಸು ರೈಲಿನಲ್ಲಿ ಅವಳು ಕಾರ್ಯಕ್ರಮದ ಹಾಳೆಯ ಹಿಂಬದಿಯಲ್ಲಿ ಎಂಟು ಗೆರೆ ಎಳೆದು ಏನೋ ಗುರುತು ಹಾಕುತ್ತಾ ಕೂತಿದ್ದಳು. ಭಾನುವಾರ ರಾತ್ರಿ ನೋಡಿದಾಗ ಮೇಜಿನ ಮೇಲೆ ಫಾರಂ ಇರಲಿಲ್ಲ, ಶಾಲೆಯ ಚೀಲಕ್ಕೆ ಸೇರಿತ್ತು. ಏನೆಂದು ಬರೆದಿದ್ದಾಳೆ ಎಂದು ನಾನು ಕೇಳಲಿಲ್ಲ. ಆಮೇಲಿನ ವಾರ ಬಚ್ಚಲುಮನೆಯಿಂದ ಒಂದೇ ಸ್ವರದ ಗುನುಗು ಕೇಳಿಬರುತ್ತಿತ್ತು.

ನಿಮ್ಮಲ್ಲಿ ಯಾರಿಗಾದರೂ ಆ ಕಡೆ ಹೋಗುವ ಅವಕಾಶ ಸಿಕ್ಕಿದರೆ ಶಾಲಾ ರಜೆಯ ದಿನ ತಪ್ಪಿಸಿ ಹೋಗಿ. ಆಗ ಹುಡುಗರು ಇರುವುದಿಲ್ಲ, ಬೇರೆ ಊರಿನ ವೃಂದಗಳು ಹಾಡುತ್ತವೆ. ಮುಕ್ಕಾಲು ಗಂಟೆ ಮೊದಲೇ ಬಾಗಿಲಲ್ಲಿ ನಿಂತರೆ ಒಳ್ಳೆಯ ಜಾಗ ಸಿಗುತ್ತದೆ. ಮುಗಿದ ಕೂಡಲೇ ಹೊರಟುಬಿಡಬೇಡಿ. ಹೊರಗೆ ಹತ್ತು ನಿಮಿಷ ನಿಂತರೆ ಹುಡುಗರು ಹೊರಬರುವುದನ್ನು ನೋಡಬಹುದು. ಸಣ್ಣವರಿಗೆ ನಾವಿಕರ ಹಾಗೆ ಅಗಲ ಕಾಲರಿನ ಅಂಗಿ, ದೊಡ್ಡವರಿಗೆ ಕಪ್ಪು ಸೂಟು. ನಾವು ನಿಂತಿದ್ದಾಗ ಇಬ್ಬರು ಸಣ್ಣ ಹುಡುಗರು ಒಬ್ಬರನ್ನೊಬ್ಬರು ತಳ್ಳಾಡಿಕೊಂಡು ಬಂದರು. ಒಬ್ಬನ ಕೈಯಲ್ಲಿ ಅರ್ಧ ತಿಂದ ಬ್ರೆಡ್ಡು. ಹಿಂದಿನಿಂದ ದೊಡ್ಡ ಹುಡುಗನೊಬ್ಬ ಏನೋ ಗದರಿದ. ಇಬ್ಬರೂ ಸಾಲಿಗೆ ಸೇರಿಕೊಂಡರು. ಮರುದಿನ ಮೂರು ಗಂಟೆಗೆ ಅವರಿಗೆ ಮತ್ತೆ ಹಾಡುವುದಿತ್ತು.